ಫ್ಲಾಟ್ ಎಂದರೆ ಎಷ್ಟು ನೆಲ? ತುಮಕೂರಿನಲ್ಲಿ ಬಹುಮಹಡಿ ವಾಸದ ಲೆಕ್ಕಾಚಾರ

ಬೆಂಗಳೂರಿನಲ್ಲೊಂದು ಸದಾಶಿವನಗರವಿದೆ. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರ ಹೆಸರು ಹೊತ್ತ ಆ ಬಡಾವಣೆ ರಾಜಕಾರಣಿಗಳು, ಉದ್ಯಮಿಗಳು ಹಾಗೂ ಚಿತ್ರನಟರ ನಿವಾಸಗಳಿಂದ ಪ್ರಸಿದ್ಧವಾಗಿದೆ. ಅಲ್ಲಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ ತುಮಕೂರಿನಲ್ಲೂ ಒಂದು ಸದಾಶಿವನಗರವಿದೆ. ಹೆಸರು ಒಂದೇ ಆದರೂ ನೆಲದ ಬೆಲೆ ಒಂದೇ ಅಲ್ಲ. ಬೆಂಗಳೂರಿನ ಸದಾಶಿವನಗರದಲ್ಲಿ ಮನೆ ಕೊಳ್ಳುವ ಯೋಚನೆಯನ್ನು ಸಂಬಳದಾರರು ಬಿಟ್ಟು ಎಷ್ಟೋ ವರ್ಷಗಳಾದವು. ಈಗಿನ ಪ್ರಶ್ನೆ ಬೇರೆಯೇ ಆಗಿದೆ: ತುಮಕೂರಿನಂತಹ ನಗರದಲ್ಲಾದರೂ ಸಾಧಾರಣ ವರಮಾನದ ಕುಟುಂಬವೊಂದು ಸ್ವಂತ ಸೂರು ಹೊಂದುವುದು ಸಾಧ್ಯವೇ? ಸಾಧ್ಯವಾದರೆ ಅದು ನಿವೇಶನವೋ, ಫ್ಲಾಟೋ?

ತುಮಕೂರಿನ ಹಳೆಯ ಬಡಾವಣೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. ಮೊದಲು ಒಂದು ಸೈಟು. ಕೈಯಲ್ಲಿ ಹಣವಾದಾಗ ನೆಲ ಅಂತಸ್ತು. ಮಕ್ಕಳು ಓದು ಮುಗಿಸುವ ಹೊತ್ತಿಗೆ ಮೇಲೊಂದು ಮಹಡಿ, ಅದರಲ್ಲಿ ಬಾಡಿಗೆದಾರರು. ಸಾಲದ ಕಂತನ್ನು ಮೇಲಿನ ಮನೆಯ ಬಾಡಿಗೆಯೇ ಭಾಗಶಃ ತೀರಿಸುತ್ತಿತ್ತು. ಫ್ಲಾಟಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಮೇಲೊಂದು ಮಹಡಿ ಎಬ್ಬಿಸುವ ಹಕ್ಕು ಯಾವ ಒಬ್ಬ ಮಾಲೀಕನಿಗೂ ಇರುವುದಿಲ್ಲ. ಕೊಂಡ ದಿನ ಇದ್ದಷ್ಟೇ ಮನೆ ಕೊನೆಯವರೆಗೂ ಇರುತ್ತದೆ. ಆದರೂ ನಿವೇಶನದ ಬೆಲೆ ಏರಿದಂತೆ ಫ್ಲಾಟಿನ ಕಡೆ ನೋಡುವವರ ಸಂಖ್ಯೆ ಹೆಚ್ಚುವುದು ಸಹಜವೇ ಆಗಿದೆ.

ಬೇಡಿಕೆ ಬಂದ ದಾರಿ

2011ರ ಜನಗಣತಿಯ ವೇಳೆಗೇ ತುಮಕೂರು ನಗರದ ಜನಸಂಖ್ಯೆ 3 ಲಕ್ಷ ದಾಟಿತ್ತು. ನಗರವು 2016ರಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶವೂ ವಿಸ್ತರಿಸುತ್ತ ಬಂದಿದೆ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ಗೆ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ ರೂಪಿಸಿದ ನೀಲನಕ್ಷೆಯಲ್ಲಿ ತುಮಕೂರು ಒಂದು ಪ್ರಮುಖ ಕೇಂದ್ರ. ವಸಂತನರಸಾಪುರದಲ್ಲಿ ಜಪಾನಿ ಉದ್ಯಮಗಳಿಗೆಂದೇ ಕೈಗಾರಿಕಾ ಪಟ್ಟಣ ನಿರ್ಮಿಸುವ ಪ್ರಸ್ತಾವವೂ ಹಲವು ವರ್ಷಗಳಿಂದ ಕೇಳಿಬರುತ್ತಿದೆ.

ಇನ್ನೊಂದು ಕಡೆಯಿಂದ ಬೆಂಗಳೂರು ಹತ್ತಿರ ಬರುತ್ತಿದೆ. ‘ನಮ್ಮ ಮೆಟ್ರೊ’ ಹಸಿರು ಮಾರ್ಗವು 2024ರ ನವೆಂಬರ್‌ನಲ್ಲಿ ತುಮಕೂರು ರಸ್ತೆಯ ಮಾದಾವರವನ್ನು ತಲುಪಿತು. ಅದನ್ನು ತುಮಕೂರಿನವರೆಗೆ ಒಯ್ಯುವ ಪ್ರಸ್ತಾವ ಇನ್ನೂ ಹಳಿ ಕಂಡಿಲ್ಲ. ಆದರೆ ರೈಲು ಬರುವ ಮುನ್ನವೇ ಅದರ ಹೆಸರು ಬಡಾವಣೆಗಳ ಜಾಹೀರಾತಿನಲ್ಲಿ ಬಂದು ಕುಳಿತಿರುತ್ತದೆ. ಬೆಲೆ ಏರಲು ಅಷ್ಟು ಸಾಕು.

ನಲವತ್ತು ಲಕ್ಷದ ಫ್ಲಾಟು

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ತುಮಕೂರಿನಲ್ಲಿ ನಿರ್ಮಾಣ ಹಂತದಲ್ಲಿರುವ ಫ್ಲಾಟೊಂದರ ಬೆಲೆ 40 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷ ರೂಪಾಯಿವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇ 80ನ್ನು ಮೀರುವಂತಿಲ್ಲ. ಅಂದರೆ ಬ್ಯಾಂಕು ಕೊಡುವುದು ಹೆಚ್ಚೆಂದರೆ 32 ಲಕ್ಷ. ಉಳಿದ 8 ಲಕ್ಷವನ್ನು ಕೊಳ್ಳುವವರೇ ಹೊಂದಿಸಬೇಕು.

ಇದರ ಮೇಲೆ ಸರ್ಕಾರಕ್ಕೆ ಸಲ್ಲುವ ಹಣವಿದೆ. ಮೊದಲ ಬಾರಿಗೆ ನೋಂದಣಿಯಾಗುವ, 45 ಲಕ್ಷ ರೂಪಾಯಿ ಮೀರದ ಫ್ಲಾಟುಗಳಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 3 (20 ಲಕ್ಷದೊಳಗಿನವಕ್ಕೆ ಶೇ 2). ಅದನ್ನು ಮೀರಿದರೆ ಶೇ 5. ಶುಲ್ಕದ ಮೇಲೆ ಸೆಸ್ ಹಾಗೂ ಸರ್ಚಾರ್ಜ್ ಬೇರೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2ಕ್ಕೆ ಏರಿಸಲಾಗಿದೆ. ನಿರ್ಮಾಣ ಹಂತದ ಫ್ಲಾಟಾದರೆ ಜಿಎಸ್‌ಟಿಯನ್ನೂ ಕೊಡಬೇಕು. ಎಲ್ಲವನ್ನೂ ಕೂಡಿದರೆ ಈ ಉದಾಹರಣೆಯಲ್ಲಿ ಸುಮಾರು ಎರಡೂವರೆ ಲಕ್ಷ ರೂಪಾಯಿ. ಈ ಖರ್ಚನ್ನು ಸಾಲದ ಲೆಕ್ಕಕ್ಕೆ ಸೇರಿಸಿಕೊಳ್ಳಲು ಬ್ಯಾಂಕುಗಳಿಗೆ ಅವಕಾಶವಿಲ್ಲ. ಆದ್ದರಿಂದ ಕೈಯಲ್ಲಿ ಹತ್ತೂವರೆ ಲಕ್ಷ ರೂಪಾಯಿ ಇಲ್ಲದವರಿಗೆ 40 ಲಕ್ಷದ ಫ್ಲಾಟು ದಕ್ಕುವುದಿಲ್ಲ. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 32 ಲಕ್ಷ ಸಾಲ ಪಡೆದರೆ ತಿಂಗಳ ಕಂತು ಸುಮಾರು 27,770 ರೂಪಾಯಿ. ಅವಧಿ ಮುಗಿಯುವ ಹೊತ್ತಿಗೆ ಬ್ಯಾಂಕಿಗೆ ಕಟ್ಟಿದ ಒಟ್ಟು ಮೊತ್ತ 66 ಲಕ್ಷ ದಾಟಿರುತ್ತದೆ.

ಜಿಎಸ್‌ಟಿ ವಿಚಾರದಲ್ಲಿ ತುಮಕೂರಿಗೆ ಬೆಂಗಳೂರಿಗಿಂತ ತುಸು ಅನುಕೂಲವಿದೆ. 2019ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ದರದಂತೆ ‘ಕೈಗೆಟಕುವ ಮನೆ’ಗೆ ಶೇ 1, ಉಳಿದವಕ್ಕೆ ಶೇ 5. ಕೈಗೆಟಕುವ ಮನೆ ಎನಿಸಿಕೊಳ್ಳಲು ಬೆಲೆ 45 ಲಕ್ಷ ಮೀರಬಾರದು; ಕಾರ್ಪೆಟ್ ಏರಿಯಾ ಬೆಂಗಳೂರಿನಂತಹ ಮಹಾನಗರದಲ್ಲಿ 60 ಚದರ ಮೀಟರ್, ತುಮಕೂರಿನಂತಹ ಇತರ ನಗರಗಳಲ್ಲಿ 90 ಚದರ ಮೀಟರ್ ಮೀರಬಾರದು. 90 ಚದರ ಮೀಟರ್ ಎಂದರೆ ಸುಮಾರು 968 ಚದರ ಅಡಿ. ಎರಡು ಮಲಗುವ ಕೋಣೆಗಳ ಮನೆಗೆ ಧಾರಾಳವಾಗಿಯೇ ಸಾಕು. ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರ ದೊರೆತ ಬಳಿಕ ಮಾರಾಟವಾಗುವ ಫ್ಲಾಟಿಗೆ ಜಿಎಸ್‌ಟಿಯೇ ಇಲ್ಲ.

2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ–ನಗರ 2.0ರಲ್ಲಿ ವಾರ್ಷಿಕ 9 ಲಕ್ಷ ರೂಪಾಯಿವರೆಗೆ ಆದಾಯವಿದ್ದು, ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದ ಕುಟುಂಬಗಳಿಗೆ ಬಡ್ಡಿ ಸಹಾಯಧನವಿದೆ. ಆದರೆ ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರುವಂತಿಲ್ಲ. ಗರಿಷ್ಠ ನೆರವು 1.80 ಲಕ್ಷ, ಅದೂ ಐದು ವಾರ್ಷಿಕ ಕಂತುಗಳಲ್ಲಿ. ಮೇಲಿನ ಉದಾಹರಣೆಯ ಫ್ಲಾಟು ಐದು ಲಕ್ಷದ ಅಂತರದಿಂದ ಈ ಯೋಜನೆಯ ಹೊರಗೆ ಉಳಿಯುತ್ತದೆ.

ಅರ್ಧ ಗುಂಟೆಯ ಒಡೆತನ

ಫ್ಲಾಟ್ ಕೊಳ್ಳುವವರು ನಿಜವಾಗಿ ಕೊಳ್ಳುವುದೇನನ್ನು? ಮಾರಾಟದ ಮಾತುಕತೆಯಲ್ಲಿ ಅತಿ ಕಡಿಮೆ ಚರ್ಚೆಯಾಗುವ ಸಂಗತಿ ಇದೇ ಆಗಿದೆ. ಗೋಡೆಗಳ ನಡುವಿನ ಜಾಗ ಒಂದು. ಕಟ್ಟಡ ನಿಂತಿರುವ ನೆಲದಲ್ಲಿ ವಿಭಾಗಿಸಲಾಗದ ಪಾಲು ಇನ್ನೊಂದು. ಮೊದಲನೆಯದು ವರ್ಷಗಳು ಕಳೆದಂತೆ ಹಳತಾಗುತ್ತದೆ. ಬೆಲೆ ಏರುವುದು ಎರಡನೆಯದಕ್ಕೆ.

20 ಗುಂಟೆ ಜಮೀನಿನಲ್ಲಿ 40 ಫ್ಲಾಟುಗಳ ಕಟ್ಟಡ ಎದ್ದಿದೆ ಎಂದುಕೊಂಡರೆ ತಲಾ ಅರ್ಧ ಗುಂಟೆ, ಅಂದರೆ ಸರಾಸರಿ 544 ಚದರ ಅಡಿ ನೆಲ ಬರುತ್ತದೆ. ಅದೇ ನೆಲದಲ್ಲಿ 60 ಫ್ಲಾಟುಗಳಿದ್ದರೆ ಪಾಲು 363 ಚದರ ಅಡಿಗೆ ಇಳಿಯುತ್ತದೆ. 30x40 ಅಳತೆಯ ನಿವೇಶನದ ಮಾಲೀಕರಿಗಿರುವುದು 1,200 ಚದರ ಅಡಿ. ಹೀಗಾಗಿ ಅಕ್ಕಪಕ್ಕದ ಎರಡು ಕಟ್ಟಡಗಳಲ್ಲಿ ಒಂದರ ಫ್ಲಾಟು ಮೂರು ಲಕ್ಷ ಅಗ್ಗವಾಗಿದ್ದರೆ ಮೊದಲು ಕೇಳಬೇಕಾದದ್ದು ಟೈಲ್ಸ್ ಯಾವ ಕಂಪನಿಯದೆಂದಲ್ಲ, ಕ್ರಯಪತ್ರದಲ್ಲಿ ನೆಲದ ಪಾಲು ಎಷ್ಟೆಂದು ನಮೂದಾಗಿದೆ ಎಂಬುದನ್ನು.

ಗೋಡೆಗಳ ನಡುವಿನ ಜಾಗದ ಲೆಕ್ಕದಲ್ಲಿಯೂ ಹಿಂದೆ ಗೊಂದಲವಿತ್ತು. ಮೆಟ್ಟಿಲು, ಲಿಫ್ಟು, ಪಡಸಾಲೆಗಳನ್ನೆಲ್ಲ ಹಂಚಿ ಸೇರಿಸಿದ ‘ಸೂಪರ್ ಬಿಲ್ಟ್‌ಅಪ್’ ಅಳತೆಯ ಮೇಲೆ ದರ ಹೇಳುವ ಪದ್ಧತಿ ಬೆಳೆದಿತ್ತು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಕಾರ್ಪೆಟ್ ಏರಿಯಾವನ್ನು ವ್ಯಾಖ್ಯಾನಿಸಿ ಅದನ್ನೇ ಬಹಿರಂಗಪಡಿಸುವುದನ್ನು ಕಡ್ಡಾಯಗೊಳಿಸಿತು. ಬಾಲ್ಕನಿಯೂ ಹೊರಗೋಡೆಯ ದಪ್ಪವೂ ಇದರಲ್ಲಿ ಸೇರುವುದಿಲ್ಲ. ಮನೆಯೊಳಗಿನ ಗೋಡೆಗಳು ಸೇರುತ್ತವೆ.

ಕಾನೂನು ಎರಡು, ವರ್ಷ ಒಂದೇ

ಕರ್ನಾಟಕದಲ್ಲಿ ಬಹುಮಹಡಿ ವಸತಿಗೆ ಸಂಬಂಧಿಸಿದ ಎರಡು ಮೂಲ ಕಾಯ್ದೆಗಳೂ 1972ರವು. ಒಂದು ಫ್ಲಾಟುಗಳ ನಿರ್ಮಾಣ ಮತ್ತು ಮಾರಾಟವನ್ನು ನಿಯಂತ್ರಿಸಲು ಬಂದದ್ದು. ಇನ್ನೊಂದು ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಎರಡನೆಯ ಕಾಯ್ದೆಯಂತೆ ಘೋಷಣಾ ಪತ್ರವನ್ನು ನೋಂದಾಯಿಸಿ, ಪ್ರತಿ ಫ್ಲಾಟಿಗೂ ಸಾಮಾನ್ಯ ಪ್ರದೇಶದಲ್ಲಿ ಶೇಕಡಾ ಎಷ್ಟು ಪಾಲು ಎಂಬುದನ್ನು ನಿಗದಿಪಡಿಸಬೇಕು. ಒಮ್ಮೆ ನಿಗದಿಯಾದ ಪಾಲನ್ನು ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಈ ಘೋಷಣಾ ಪತ್ರವಾಗದ ಕಟ್ಟಡಗಳಲ್ಲಿ ಮಾಲೀಕರು ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಮಾಡಿಕೊಂಡು ಕಾಲ ತಳ್ಳುವುದೂ ಉಂಟು. ಅಂತಹ ಸಂಘಕ್ಕೆ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಸ್ಥಾನ ಸಲ್ಲುವುದಿಲ್ಲವೆಂದು ರಾಜ್ಯ ಹೈಕೋರ್ಟ್ ಹೇಳಿದೆ.

ರೇರಾ ಬಂದ ಮೇಲೆ ಬಿಲ್ಡರುಗಳ ಮೇಲೆ ಒಂದಿಷ್ಟು ಕಡಿವಾಣ ಬಿದ್ದಿದೆ. 500 ಚದರ ಮೀಟರ್ ಮೀರಿದ ಜಾಗದಲ್ಲಿ, ಎಂಟಕ್ಕಿಂತ ಹೆಚ್ಚು ಫ್ಲಾಟುಗಳಿರುವ ಯೋಜನೆ ನೋಂದಣಿಯಾಗದೆ ಜಾಹೀರಾತು ನೀಡುವಂತಿಲ್ಲ. ಖರೀದಿದಾರರಿಂದ ಬಂದ ಹಣದ ಶೇ 70 ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಯ ಜಮೀನು ಮತ್ತು ನಿರ್ಮಾಣಕ್ಕೇ ಬಳಸಬೇಕು. ಮಾರಾಟ ಒಪ್ಪಂದ ನೋಂದಣಿಯಾಗುವ ಮುನ್ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಸ್ವಾಧೀನ ನೀಡಿದ ಐದು ವರ್ಷಗಳೊಳಗೆ ಕಟ್ಟಡದ ರಚನೆ ಅಥವಾ ಕಾಮಗಾರಿಯಲ್ಲಿ ದೋಷ ಕಂಡರೆ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಿಕೊಡಬೇಕು.

ಎಂಟು ಫ್ಲಾಟುಗಳ ಮಿತಿ ತುಮಕೂರಿನಂತಹ ನಗರಕ್ಕೆ ಮುಖ್ಯವಾದದ್ದು. ಎರಡು ಸೈಟುಗಳನ್ನು ಸೇರಿಸಿ ಆರೋ ಎಂಟೋ ಮನೆ ಕಟ್ಟಿ ಮಾರುವ ಸಣ್ಣ ಬಿಲ್ಡರು ನೋಂದಣಿಯ ಹಂಗಿಲ್ಲದೆ ವ್ಯವಹಾರ ಮುಗಿಸಬಹುದು. ಬೆಲೆಯೂ ಅಲ್ಲಿಯೇ ಕಡಿಮೆ ಇರುತ್ತದೆ. ಅಂತಹ ಕಡೆ ಖರೀದಿದಾರರ ರಕ್ಷಣೆ ಕಾಗದಪತ್ರಗಳಲ್ಲಷ್ಟೇ ಇರುತ್ತದೆ: ಭೂ ಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ವಿನ್ಯಾಸ, ಮಹಾನಗರಪಾಲಿಕೆ ನೀಡಿದ ಕಟ್ಟಡ ಪರವಾನಗಿ, ಋಣಭಾರ ಪ್ರಮಾಣಪತ್ರ, ಇ–ಖಾತೆ. ಇವುಗಳಲ್ಲಿ ಒಂದು ತಪ್ಪಿದರೂ ಮುಂದೆ ಮಾರುವಾಗ ಆ ಕೊರತೆ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅನಧಿಕೃತ ಸ್ವತ್ತುಗಳಿಗೆ ಬಿ ಖಾತೆ ನೀಡುವ ಅಭಿಯಾನವನ್ನು 2025ರ ಆರಂಭದಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಆರಂಭಿಸಲಾಯಿತು. ಬಿ ಖಾತೆ ಎಂದರೆ ತೆರಿಗೆ ದಾಖಲೆ. ಕಟ್ಟಡ ಸಕ್ರಮವೆಂಬ ಪತ್ರವಲ್ಲ.

ಸ್ವಾಧೀನಾನುಭವ ಪತ್ರದ ಮಹತ್ವ ಎಷ್ಟೆಂಬುದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಳಿಕ ಎಲ್ಲರಿಗೂ ಮನದಟ್ಟಾಯಿತು. ಈ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳು ಪತ್ರ ನೋಡಿಯೇ ಸಾಲ ನೀಡಬೇಕು ಎಂದು ನ್ಯಾಯಾಲಯ ಸೂಚಿಸಿತು. 2025ರಲ್ಲಿ ರಾಜ್ಯದಲ್ಲಿ ಮನೆ ಕಟ್ಟಿ ಮುಗಿಸಿಯೂ ಕಾಯಂ ವಿದ್ಯುತ್ ಸಂಪರ್ಕ ಸಿಗದೆ ಪರದಾಡಿದವರು ಅಸಂಖ್ಯ.

ಜಪಾನಿನ ಕಟ್ಟಡಗಳು ಹೇಳುವುದು

ಬಹುಮಹಡಿ ವಾಸ ನಮ್ಮಲ್ಲಿ ಹೊಸದು. ಕಟ್ಟಡಗಳು ಮುದಿಯಾದಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಅದು ಹಳತಾಗಿರುವ ನಾಡನ್ನು ನೋಡಬೇಕಾಗುತ್ತದೆ. ಯುದ್ಧಾನಂತರದ ವಸತಿ ಬರವನ್ನು ನೀಗಿಸಲು ಜಪಾನ್ 1955ರಲ್ಲಿ ವಸತಿ ನಿಗಮವೊಂದನ್ನು ಸ್ಥಾಪಿಸಿ ಟೋಕಿಯೊ, ಒಸಾಕಾ ನಗರಗಳ ಹೊರವಲಯದಲ್ಲಿ ‘ದಾಂಚಿ’ ಎಂಬ ಕಾಂಕ್ರೀಟ್ ಸಮುಚ್ಚಯಗಳನ್ನು ಸಾಲುಸಾಲಾಗಿ ಕಟ್ಟಿತು. ಎರಡು ಕೋಣೆ, ಊಟದ ಮೇಜು ಹಿಡಿಸುವ ಒಂದು ಅಡುಗೆಮನೆ, ಅಷ್ಟೇ. ಅಂದಿನ ಸಂಬಳದಾರರಿಗೆ ಅದೇ ಕನಸಿನ ಮನೆಯಾಗಿತ್ತು. ಫ್ಲಾಟುಗಳ ಪ್ರತ್ಯೇಕ ಒಡೆತನಕ್ಕೆ 1962ರಲ್ಲಿ ಅಲ್ಲಿ ಕಾನೂನು ಬಂದಿತು. ನಮ್ಮ ಕಾಯ್ದೆಗಿಂತ ಹತ್ತು ವರ್ಷ ಮೊದಲು.

ಜಪಾನಿನಲ್ಲಿ ಮನೆಯನ್ನು ಸವೆಯುವ ವಸ್ತುವೆಂದೇ ಪರಿಗಣಿಸಲಾಗುತ್ತದೆ. ತೆರಿಗೆ ಲೆಕ್ಕದಲ್ಲಿ ಮರದ ಮನೆಯ ಆಯುಷ್ಯ 22 ವರ್ಷ, ಕಾಂಕ್ರೀಟ್ ವಸತಿ ಕಟ್ಟಡದ್ದು 47 ವರ್ಷ. ಆದ್ದರಿಂದ ಅಲ್ಲಿನ ಫ್ಲಾಟುಗಳ ಮಾಲೀಕರು ನಿತ್ಯ ನಿರ್ವಹಣೆಯ ಶುಲ್ಕದ ಜೊತೆಗೆ ದುರಸ್ತಿ ನಿಧಿಗೂ ಪ್ರತಿ ತಿಂಗಳು ಹಣ ಕಟ್ಟುತ್ತಾರೆ. ಸಾಮಾನ್ಯವಾಗಿ 12ರಿಂದ 15 ವರ್ಷಕ್ಕೊಮ್ಮೆ ಇಡೀ ಕಟ್ಟಡಕ್ಕೆ ಸಾರುವೆ ಕಟ್ಟಿ ದೊಡ್ಡ ದುರಸ್ತಿ ನಡೆಸಲಾಗುತ್ತದೆ. ಇಷ್ಟು ಮುಂದಾಲೋಚನೆಯಿದ್ದೂ ಕಟ್ಟಡ ಕೆಡವಿ ಹೊಸದು ಕಟ್ಟುವ ಪ್ರಶ್ನೆ ಬಂದಾಗ ಕೆಲಸ ಕೆಟ್ಟಿತು. ಅದಕ್ಕೆ ಐದರಲ್ಲಿ ನಾಲ್ಕು ಪಾಲು ಮತ ಬೇಕಿತ್ತು. ವೃದ್ಧ ಮಾಲೀಕರಿಗೆ ಹೊಸ ಸಾಲ ಮಾಡುವ ಶಕ್ತಿಯಿಲ್ಲ. ಕೆಲವು ಮನೆಗಳ ಮಾಲೀಕರೇ ಪತ್ತೆಯಿಲ್ಲ. ಭೂಕಂಪ ತಾಳುವ ಶಕ್ತಿಯಿಲ್ಲದಂತಹ ಕಟ್ಟಡಗಳಿಗೆ ಈ ಮಿತಿಯನ್ನು ನಾಲ್ಕರಲ್ಲಿ ಮೂರು ಪಾಲಿಗೆ ಇಳಿಸುವ ತಿದ್ದುಪಡಿಗೆ 2025ರಲ್ಲಿ ಅಲ್ಲಿನ ಸಂಸತ್ತು ಒಪ್ಪಿಗೆ ನೀಡಿತು.

ವೈಚಿತ್ರ್ಯವೆಂದರೆ ಟೋಕಿಯೊ ನಗರದ 23 ವಾರ್ಡುಗಳಲ್ಲಿ ಹೊಸ ಫ್ಲಾಟಿನ ಸರಾಸರಿ ಬೆಲೆ 2023ರಲ್ಲಿ 10 ಕೋಟಿ ಯೆನ್ ದಾಟಿದರೆ, ಅದೇ ವರ್ಷದ ವಸತಿ ಸಮೀಕ್ಷೆಯಲ್ಲಿ ದೇಶದಾದ್ಯಂತ ಸುಮಾರು 90 ಲಕ್ಷ ಮನೆಗಳು ಖಾಲಿ ಇರುವುದು ಕಂಡುಬಂದಿತು. ಮನೆಯ ಕೊರತೆಯಿಲ್ಲ, ಕೆಲಸವಿರುವ ಕಡೆ ಮನೆ ದುಬಾರಿ, ಕೆಲಸವಿಲ್ಲದ ಕಡೆ ಮನೆ ಅನಾಥ. ಅಲ್ಲಿನ ಜಾಹೀರಾತುಗಳು ರೈಲು ನಿಲ್ದಾಣದಿಂದ ಎಷ್ಟು ನಿಮಿಷದ ನಡಿಗೆ ಎಂದು ಹೇಳುವಾಗ 80 ಮೀಟರಿಗೆ ಒಂದು ನಿಮಿಷದಂತೆಯೇ ಲೆಕ್ಕ ಹಾಕಬೇಕೆಂಬ ನಿಯಮವಿದೆ. ‘ಬಸ್ ನಿಲ್ದಾಣದಿಂದ ಕೇವಲ ಐದು ನಿಮಿಷ’ ಎಂದು ಘೋಷಿಸುವ ನಮ್ಮ ಫಲಕಗಳಿಗೂ ಇಂತಹದೊಂದು ನಿಯಮ ಬಂದರೆ ಬೈಪಾಸಿನಾಚೆಯ ಎಷ್ಟೋ ಬಡಾವಣೆಗಳು ರಾತ್ರೋರಾತ್ರಿ ದೂರ ಸರಿದಾವು.

ಕರ್ನಾಟಕದಲ್ಲಿ ದುರಸ್ತಿ ನಿಧಿ ಎಂಬುದು ಸಾಮಾನ್ಯವಾಗಿ ಮನೆ ಕೊಳ್ಳುವಾಗ ಒಮ್ಮೆ ಕೊಡುವ ‘ಕಾರ್ಪಸ್’ ಹಣಕ್ಕೆ ಸೀಮಿತವಾಗಿದೆ. ಮೂವತ್ತು ವರ್ಷಗಳ ಬಳಿಕ ಲಿಫ್ಟು, ಕೊಳವೆ, ತಾರಸಿ ಎಲ್ಲ ಒಟ್ಟಿಗೇ ಕೆಟ್ಟಾಗ ಹಣ ಎಲ್ಲಿಂದ ಎಂಬುದಕ್ಕೆ ಸಣ್ಣ ಕಟ್ಟಡಗಳಲ್ಲಿ ಉತ್ತರವಿರುವುದು ಅಪರೂಪ. 1972ರ ಕಾಯ್ದೆಯ ಬದಲಿಗೆ ಹೊಸ ಕಾನೂನು ತರುವ ಕರಡು 2025ರಲ್ಲಿ ಚರ್ಚೆಗೆ ಬಂದಿತು.

ನೀರು ಮತ್ತು ತಿಂಗಳ ಖರ್ಚು

ಕಂತು ಕಟ್ಟಿದರೆ ಮುಗಿಯಿತೆಂದು ಭಾವಿಸುವಂತಿಲ್ಲ. ಲಿಫ್ಟು, ಕಾವಲು, ಜನರೇಟರು, ಶುಚಿತ್ವ ಮತ್ತು ನೀರಿಗೆಂದು ಪ್ರತಿ ತಿಂಗಳು ನಿರ್ವಹಣಾ ಶುಲ್ಕ ತೆರಬೇಕು. ತುಮಕೂರಿನಲ್ಲಿ ಇವುಗಳ ಪೈಕಿ ನೀರೇ ನಿರ್ಣಾಯಕ. ನಗರಕ್ಕೆ ಹೇಮಾವತಿ ನಾಲೆಯ ನೀರು ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹವಾಗಿ ಬರುತ್ತದೆ. ನಾಲೆಯಲ್ಲಿ ನೀರು ಹರಿಯುವುದು ಕಡಿಮೆಯಾದ ವರ್ಷ ನಗರಕ್ಕೆ ಕೊಳವೆಬಾವಿ, ಟ್ಯಾಂಕರುಗಳೇ ಗತಿ. ಈ ನೀರಿನ ಮೇಲೆ ಇತರರ ಹಕ್ಕೂ ಇದೆ. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ಹೇಮಾವತಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ವಿರುದ್ಧ 2024 ಮತ್ತು 2025ರಲ್ಲಿ ಜಿಲ್ಲೆಯಲ್ಲಿ ತೀವ್ರ ಹೋರಾಟ ನಡೆದದ್ದು ಓದುಗರಿಗೆ ನೆನಪಿರಬಹುದು. ಒಂಟಿ ಮನೆಯವರು ಎರಡು ದಿನ ಸಂಪಿನ ನೀರಿನಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತಾರೆ. ನಲವತ್ತು ಕುಟುಂಬಗಳಿರುವ ಕಟ್ಟಡದಲ್ಲಿ ಒಂದೇ ಕೊಳವೆಬಾವಿ ಬತ್ತಿದರೂ ಆ ತಿಂಗಳ ಲೆಕ್ಕವೇ ತಲೆಕೆಳಗಾಗುತ್ತದೆ. ಆದ್ದರಿಂದ ಫ್ಲಾಟು ನೋಡಲು ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದು ಒಳಿತು.

ಬಾಡಿಗೆ ಮತ್ತು ಭೋಗ್ಯ

ಕೊಳ್ಳಲಾಗದವರಿಗೆ ಬಾಡಿಗೆಯಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಹಳೆಯದು. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹಾಕಿದೆಯಾದರೂ ಅದು ಮಾದರಿ ಮಾತ್ರ. ರಾಜ್ಯಗಳು ಒಪ್ಪಿ ಕಾನೂನು ಮಾಡಿದರಷ್ಟೇ ಅನ್ವಯವಾಗುತ್ತದೆ. ಜಪಾನಿನಲ್ಲಿ ಒಂದೆರಡು ತಿಂಗಳ ಠೇವಣಿಯ ಜೊತೆಗೆ ಮಾಲೀಕರಿಗೆ ಮರಳಿ ಬಾರದ ‘ಕೃತಜ್ಞತಾ ಹಣ’ವನ್ನೂ ಕೊಡುವ ಪದ್ಧತಿಯಿದೆ. ಆದರೆ ಹಳೆಯ ವಸತಿ ನಿಗಮದ ಉತ್ತರಾಧಿಕಾರಿಯಾದ ಸರ್ಕಾರಿ ಸಂಸ್ಥೆಯ ಮನೆಗಳಿಗೆ ಇಂತಹ ಹಣವೂ ಇಲ್ಲ, ದಲ್ಲಾಳಿಯೂ ಇಲ್ಲ, ಜಾಮೀನುದಾರರೂ ಬೇಕಿಲ್ಲ. ಕರ್ನಾಟಕ ಗೃಹ ಮಂಡಳಿ 1962ರ ಕಾಯ್ದೆಯಡಿ ನಿವೇಶನ, ಮನೆಗಳನ್ನು ಹಂಚುತ್ತ ಬಂದಿದೆ. ಮಧ್ಯಮ ವರ್ಗಕ್ಕೆ ಬಾಡಿಗೆ ಮನೆ ಕಟ್ಟಿ ನಡೆಸುವ ಕೆಲಸವನ್ನು ರಾಜ್ಯದಲ್ಲಿ ಯಾವ ಸಂಸ್ಥೆಯೂ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿಲ್ಲ.

ಬಾಡಿಗೆ ಮತ್ತು ಒಡೆತನದ ನಡುವೆ ನಮ್ಮಲ್ಲಿ ಮೂರನೆಯ ದಾರಿಯೊಂದಿದೆ. ಅದೇ ಭೋಗ್ಯ, ಆಡುಮಾತಿನಲ್ಲಿ ‘ಲೀಸು’. ಮಾಲೀಕರಿಗೆ ಒಂದಿಷ್ಟು ಲಕ್ಷ ರೂಪಾಯಿಯನ್ನು ಒಟ್ಟಿಗೆ ಕೊಟ್ಟು ಎರಡು–ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸುವುದು, ಬಿಡುವಾಗ ಅಷ್ಟೂ ಹಣ ವಾಪಸು ಪಡೆಯುವುದು. ತಿಂಗಳ ಖರ್ಚು ಉಳಿಯುವುದರಿಂದ ಸಣ್ಣ ಆದಾಯದವರಿಗೆ ಇದು ಅಚ್ಚುಮೆಚ್ಚು. ಅಪಾಯವೂ ಇಲ್ಲಿಯೇ ಹೆಚ್ಚು. ಆಸ್ತಿ ವರ್ಗಾವಣೆ ಕಾಯ್ದೆಯಂತೆ ಸ್ವಾಧೀನ ಭೋಗ್ಯ ಒಂದು ಬಗೆಯ ಅಡಮಾನ; 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಅದು ನೋಂದಣಿಯಾಗಲೇಬೇಕು. ರೂಢಿಯಲ್ಲಿ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆದು ಮುಗಿಸಲಾಗುತ್ತದೆ. ಒಂದು ವರ್ಷ ಮೀರಿದ ಗೇಣಿ ಪತ್ರವನ್ನು ನೋಂದಾಯಿಸಬೇಕಾಗುವುದೇ ಹನ್ನೊಂದರ ಗುಟ್ಟು. ಮಾಲೀಕರು ಅದೇ ಮನೆಯ ಮೇಲೆ ಬ್ಯಾಂಕ್ ಸಾಲ ಪಡೆದು ಕಂತು ತಪ್ಪಿಸಿದರೆ ಬ್ಯಾಂಕು ಮನೆಯನ್ನು ಹರಾಜಿಗಿಡುತ್ತದೆ. ಆಗ ಭೋಗ್ಯದಾರರ ಕೈಯಲ್ಲಿರುವ ಕರಾರುಪತ್ರಕ್ಕೆ ಹೆಚ್ಚಿನ ಬಲವಿರುವುದಿಲ್ಲ. ಇದೇ ಬಗೆಯ ‘ಜೋನ್ಸೆ’ ಪದ್ಧತಿಯಿರುವ ದಕ್ಷಿಣ ಕೊರಿಯಾದಲ್ಲಿ ಠೇವಣಿ ಕಳೆದುಕೊಂಡವರ ಸಂಖ್ಯೆ ವಿಪರೀತವಾಗಿ 2023ರಲ್ಲಿ ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಭೋಗ್ಯಕ್ಕೆ ಹಣ ಕೊಡುವ ಮುನ್ನ ಉಪನೋಂದಣಾಧಿಕಾರಿ ಕಚೇರಿಯಿಂದ ಆ ಮನೆಯ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡುವುದಕ್ಕೆ ತಗಲುವ ಖರ್ಚು ಅತ್ಯಲ್ಪ.

ಫ್ಲಾಟು ಕೊಂಡವರಿಗೆ ಬಿಲ್ಡರು ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ರೇರಾ ಪ್ರಾಧಿಕಾರಕ್ಕೆ ದೂರು ನೀಡಬಹುದು. ಯೋಜನೆಯಿಂದ ಹೊರಬರುವವರಿಗೆ ಪೂರ್ಣ ಹಣ ಬಡ್ಡಿಸಹಿತ ಮರಳಬೇಕು. ಉಳಿಯುವವರಿಗೆ ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಸಲ್ಲಬೇಕು. ಕರ್ನಾಟಕದ ನಿಯಮದಂತೆ ಈ ಬಡ್ಡಿ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ ದರಕ್ಕಿಂತ ಶೇ 2ರಷ್ಟು ಹೆಚ್ಚು. ಬಿಲ್ಡರು ಆದೇಶ ಪಾಲಿಸದಿದ್ದರೆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ಜಿಲ್ಲಾಡಳಿತ ವಸೂಲಿ ಮಾಡಿಕೊಡಬೇಕು. ಆದೇಶ ಕೈಸೇರಿದವರಲ್ಲಿ ಅನೇಕರು ಈ ವಸೂಲಿಗಾಗಿ ತಹಶೀಲ್ದಾರ್ ಕಚೇರಿಗೆ ಅಲೆಯುವುದು ಇನ್ನೂ ತಪ್ಪಿಲ್ಲ.